ಅಸಲಿ ಸರ್ಪಗಂಧ ಸಿಗುವ ನರ್ಸರಿ

ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಒಣಗಿದ ಬೇರಿನ ತುಂಡು ತೋರಿಸಿದರೆ ಮಕ್ಕಳಿಗೆ ಸಾಲದು, ಜೀವಂತ ಗಿಡ ನೋಡಬೇಕು. ಬೇರಿನಿಂದ ರಕ್ತದೊತ್ತಡದ ಔಷಧಿ ಸಿಗುವ ಸರ್ಪಗಂಧವನ್ನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದೆ. ಬಂದಿದ್ದು ಅದರ ಅಮೆರಿಕದ ನೆಂಟ, ರಾವುಲ್ಫಿಯಾ ಟೆಟ್ರಾಫಿಲ್ಲಾ. ಗೆಣ್ಣಿಗೆ ನಾಲ್ಕು ಎಲೆ, ಅದರಲ್ಲೂ ಸಣ್ಣದು ದೊಡ್ಡದು. ರಸ್ತೆ ಬದಿಯಲ್ಲೂ ಸುಮ್ನೆ ಬೆಳೆಯುತ್ತದೆ. ಒಣ ಬೇರಿನ ವ್ಯಾಪಾರದಲ್ಲೂ ಇದೇ ಕಲಬೆರಕೆ.

ಸಾಗರದ ಹತ್ತಿರದ ಈ ನರ್ಸರಿಯಲ್ಲಿ ಅಸಲಿ ಸಿಕ್ಕಿತು. ಗೆಣ್ಣಿಗೆ ಮೂರು ಎಲೆ, ಹೂಗೊಂಚಲಿನ ತೊಟ್ಟು ಕೆಂಪು, ಹೂವು ಬಿಳಿ. ಸಸಿಗೆ 50 ರೂಪಾಯಿ. ಸ್ವಂತ ಗಿಡಗಳ ಬೀಜದಿಂದ ಸಸಿ ಮಾಡುತ್ತಾರೆ. ಬೀಜ ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ ಬೇರಿನ ತುಂಡನ್ನೂ ನೆಡುತ್ತಾರೆ. ಕಾಡಿನಿಂದ ಕಿತ್ತು ತರುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಕಣಗಿಲೆ, ನಿತ್ಯಪುಷ್ಪಗಳ ಕುಟುಂಬದ ಈ ಗಿಡ ವರ್ಷಗಟ್ಟಲೆ ಬದುಕುವಂಥದ್ದು. ಆದರೆ ಔಷಧಿ ಗುಣದ ಆಲ್ಕಲಾಯ್ಡ್‌ ಎಂಬ ರಾಸಾಯನಿಕಗಳು ಜಾಸ್ತಿ ಇರುವುದು ಬೇರಿನ ಸಿಪ್ಪೆಯಲ್ಲಿ. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ಹಾಗೆ ಕಿತ್ತೂ ಕಿತ್ತೂ ಕಾಡಿನಲ್ಲಿ ಅಪರೂಪವಾಯಿತು. 1990ರಲ್ಲಿ ಸೈಟಿಸ್ ಒಪ್ಪಂದದ, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೇ ಪಟ್ಟಿಗೆ ಸೇರಿತು.

ನನ್ನೆದುರೇ ಒಬ್ಬರು ಬಿಪಿಗೆ ಅಂತ ಬೇರು ಕೇಳಿದರು. "ಬೇರು ಕೊಡೋದಿಲ್ಲ ಅಣ್ಣ, ಡಾಕ್ಟರ ಹತ್ರ ಹೋಗಿ" ಅಂದರು ನರ್ಸರಿಯವರು. ವ್ಯಾಪಾರ ಬಿಟ್ಟು ಹಾಗೆ ಹೇಳುವವರು ಕಡಿಮೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಈ ಬೇರಿನಿಂದ ಬೇರ್ಪಡಿಸಿದ ರೆಸರ್ಪಿನ್, ನರದ ತುದಿಯಲ್ಲಿ ಕೂಡಿಟ್ಟ, ರಕ್ತನಾಳ ಬಿಗಿಮಾಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಖಾಲಿ ಮಾಡಿ ರಕ್ತದೊತ್ತಡ ಇಳಿಸುತ್ತದೆ. ಜಾಸ್ತಿಯಾದರೆ ಖಿನ್ನತೆ ಬರಬಹುದು. ಅದೇ ಬೇರಿನಲ್ಲಿ ಅಜ್ಮಲಿನ್ ಕೂಡ ಇದೆ, ಅದು ಹೃದಯದ ಬಡಿತವನ್ನೇ ಬದಲಿಸುತ್ತದೆ. 1931ರಲ್ಲಿ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಅದನ್ನು ಬೇರ್ಪಡಿಸಿ, ದೆಹಲಿಯ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನರ ಹೆಸರಿಟ್ಟರು. ಒಂದು ಬೇರಿನಲ್ಲಿ ಯಾವುದು ಎಷ್ಟಿದೆ ಅಂತ ಮನೆಯಲ್ಲಿ ಅಳೆಯುವುದಕ್ಕೆ ಆಗುವುದಿಲ್ಲ, ಅಲ್ವಾ? ಕಷಾಯ ಮಾಡಿ ಕುಡಿಯುವ ಯೋಚನೆ ಯಾರೂ ಮಾಡಬೇಡಿ.

ಬೇಸರವಾಗಿದ್ದು ಸಸಿಯ ಚೀಲದ ಬಗ್ಗೆ. ತೀರಾ ಚಿಕ್ಕದು. ನಾನು ತಂದ ಗಿಡದ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿತ್ತು. ಬೇರಿಗೇ ಬೆಲೆ ಇರುವ ಗಿಡಕ್ಕೆ ಉದ್ದನೆ ಚೀಲ ಬೇಕು. ಬೋರ್ಡಿನಲ್ಲಿ ಬರೀ ಹೆಸರಿದೆ, ಟೆಟ್ರಾಫಿಲ್ಲಾದ ಜೊತೆ ಗುರುತಿನ ವ್ಯತ್ಯಾಸವನ್ನೂ ಬರೆದರೆ ಎಷ್ಟೋ ಜನರಿಗೆ ಉಪಕಾರ.

ನೆಡುವವರು ಮಳೆ ಹಿಡಿದ ಮೇಲೆ ಒಯ್ಯಿರಿ. ಅಡಿಕೆ ತೋಟದ ಅರೆನೆರಳು ಒಗ್ಗುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ಹೂಬಿಟ್ಟ ಸಸಿ ಇದ್ದರೆ ಅದನ್ನೇ ಕೇಳಿ.