ಆಷಾಢದಲ್ಲಿ ಬರುವ ಅಡ್ವಾನ್ಸ್ ಬಗ್ಗೆ ಹುಷಾರು

ಮೈಸೂರಿನಲ್ಲಿ ಮನೆ ಮಾರಲು ಹೊರಟಿರುವವರು ದಯವಿಟ್ಟು ಇದನ್ನೊಮ್ಮೆ ಓದಿ. ಕಳೆದ ವರ್ಷ ನಾವು ಮಾಡಿಕೊಂಡ ಎಡವಟ್ಟು ಇದು. ಹೆಚ್ಚುಕಡಿಮೆ 9 ಲಕ್ಷ ಕೈಬಿಟ್ಟಿತು. ಅಮ್ಮನ ನಿದ್ದೆ ಕೆಟ್ಟಿದ್ದರ ಲೆಕ್ಕ ಬೇರೆ.

ರಾಮಕೃಷ್ಣನಗರದಲ್ಲಿ ಅಪ್ಪ ಕಟ್ಟಿಸಿದ ಮನೆ. ಮೂವತ್ತು ನಲವತ್ತರ ಸೈಟು. ಅಪ್ಪ ಹೋದ ಮೇಲೆ ಅಮ್ಮ ನನ್ನ ಮನೆಗೆ ಬಂದರು, ತಮ್ಮ ಬೆಂಗಳೂರಿನಲ್ಲಿ. ಮೇಲಿನ ಪೋರ್ಷನ್ ಬಾಡಿಗೆಗಿತ್ತು. ಖಾಲಿಯಾದ ಕೆಳಗಿನ ಮನೆಗೆ ಬೀಗ ಹಾಕಿ ಎಷ್ಟು ದಿನ ಇಡುವುದು? 2025ರ ಯುಗಾದಿ ಕಳೆದ ಮೇಲೆ ಮಾರುವುದು ಅಂತ ತೀರ್ಮಾನವಾಯಿತು.

ಏಪ್ರಿಲ್‌ನಲ್ಲೇ ಒಂದು ಜೋಡಿ ಬಂದರು. ಗಂಡನಿಗೆ ಮೈಸೂರಿನ ಹೆಬ್ಬಾಳದ ಕಡೆ ಕೆಲಸ, ಹೆಂಡತಿ ಟೀಚರ್. ಮಗಳು ಜೂನ್‌ನಲ್ಲಿ ಒಂದನೇ ಕ್ಲಾಸು. "ಸ್ಕೂಲ್ ಶುರುವಾಗೋದ್ರೊಳಗೆ ಬಂದ್ಬಿಡ್ಬೇಕು ಅಮ್ಮಾ" ಅಂದರು. 1 ಕೋಟಿ 25 ಲಕ್ಷಕ್ಕೆ ಒಪ್ಪಿದರು. ಆದರೆ ಅವರದು ಬ್ಯಾಂಕ್ ಲೋನು. ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಡಿಜಿಟಲ್ ದಾಖಲೆ, ಇಲ್ಲದೆ ಬ್ಯಾಂಕೂ ಮುಂದುವರಿಯುವುದಿಲ್ಲ, ರಿಜಿಸ್ಟ್ರೇಷನ್ನೂ ಆಗುವುದಿಲ್ಲ. ನಮ್ಮ ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಡೆತ್ ಸರ್ಟಿಫಿಕೇಟ್, ವಂಶವೃಕ್ಷ ಎಲ್ಲ ಕೊಟ್ಟು ಅಮ್ಮ, ನಾನು, ತಮ್ಮ ಮೂವರ ಹೆಸರಿಗೆ ಮಾಡಿಸಬೇಕಿತ್ತು. ಅದು ನಮ್ಮದೇ ಸೋಮಾರಿತನ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಅವರು ಸ್ವಲ್ಪ ಕಾಯಲು ತಯಾರಿದ್ದರು. ಅಷ್ಟರಲ್ಲಿ ನಮ್ಮ ಭಾವನವರೊಬ್ಬರು ಬಾಯಿ ಹಾಕಿದರು. "ಈಗ್ಯಾಕೆ ಕೊಡ್ತೀರ? ದಸರಾ ಟೈಮಲ್ಲಿ ಬೆಂಗಳೂರಿನವರು ಕಾರು ಹಾಕ್ಕೊಂಡು ಬರ್ತಾರೆ. ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಎಲ್ಲರಿಗೂ ಮೈಸೂರಲ್ಲೊಂದು ಮನೆ ಬೇಕು. 1.40 ಕಣ್ಣು ಮುಚ್ಚಿ ಬರತ್ತೆ." ನಮಗೂ ಆಸೆ ಹುಟ್ಟಿತು. ಆ ಜೋಡಿಗೆ ಸುಮ್ನೆ ಏನೋ ನೆಪ ಹೇಳಿ ಕಳಿಸಿದೆವು.

ಜೂನ್ ಕೊನೆಯಲ್ಲಿ ಇ-ಖಾತಾ ಕೈಗೆ ಬಂತು. ಅದೇ ವಾರ ಆಷಾಢವೂ ಬಂತು. ಹೊಸ ಸೊಸೆಯನ್ನೇ ತವರಿಗೆ ಕಳಿಸುವ ತಿಂಗಳು ಅದು. ಮನೆ ನೋಡಲು ಯಾರು ಬರುತ್ತಾರೆ? ಊರಿಗೆ ಊರೇ ಶುಕ್ರವಾರ ಚಾಮುಂಡಿ ಬೆಟ್ಟದ ಕ್ಯೂನಲ್ಲಿ. ಮೂರು ವಾರದಲ್ಲಿ ಫೋನ್ ಬಂದದ್ದೇ ಎರಡು, ಅದರಲ್ಲಿ ಒಂದು ಬಾಡಿಗೆಗೆ ಕೇಳಿ. ಇತ್ತ ತಮ್ಮನ ಫ್ಲ್ಯಾಟಿನ ಕಂತು ತಲೆಯ ಮೇಲೆ ಕೂತಿತ್ತು.

ಆಗ ಬಂದ ಒಬ್ಬ ಮನುಷ್ಯ. ಹೆಸರು ಬೇಡ. ಬಿಳಿ ಶರ್ಟು, ಬಾಯ್ತುಂಬ "ಅಕ್ಕಾ ಅಕ್ಕಾ". "ಆಷಾಢ ಗೀಷಾಢ ನಾನು ನೋಡಲ್ಲ ಅಕ್ಕಾ. ಇವತ್ತೇ ಅಡ್ವಾನ್ಸ್ ಕೊಡ್ತೀನಿ" ಅಂದ. ರೇಟು 1 ಕೋಟಿ 12 ಲಕ್ಷ, ಅಡ್ವಾನ್ಸ್ 2 ಲಕ್ಷ, ಅವಧಿ 6 ತಿಂಗಳು. ನಾಲ್ಕನೇ ಆಷಾಢ ಶುಕ್ರವಾರದ ಮಾರನೇ ದಿನ ಮೂವರೂ ಸಹಿ ಹಾಕಿದೆವು. ಆರು ತಿಂಗಳು ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅಗ್ರಿಮೆಂಟಿನಲ್ಲಿ "ಖರೀದಿದಾರರಿಗೆ ಅಥವಾ ಅವರು ಸೂಚಿಸುವವರಿಗೆ" ಕ್ರಯಪತ್ರ ಮಾಡಿಕೊಡಬೇಕು ಅಂತ ಒಂದು ಸಾಲಿತ್ತು. ಅದನ್ನು ನಾನು ಓದಿದ್ದೆ. ಓದಿಯೂ ಅರ್ಥ ಮಾಡಿಕೊಳ್ಳಲಿಲ್ಲ.

ಅರ್ಥವಾಗಿದ್ದು ಅಕ್ಟೋಬರ್‌ನಲ್ಲಿ. ಮೇಲಿನ ಪೋರ್ಷನ್ನಿನ ಬಾಡಿಗೆಯವರು ಫೋನ್ ಮಾಡಿ, "ಮೇಡಂ, ಯಾರ್ಯಾರೋ ಬಂದು ಮನೆ ನೋಡ್ತಿದಾರೆ" ಅಂದರು. ಅಳತೆ ತೆಗೆದುಕೊಳ್ಳಬೇಕು ಅಂತ ಕೆಳಗಿನ ಮನೆಯ ಕೀಲಿಯನ್ನು ಅವನಿಗೆ ಕೊಟ್ಟಿದ್ದು ನಾವೇ. ಹೋಗಿ ನೋಡಿದರೆ ಬೆಂಗಳೂರಿನ ಒಂದು ಕುಟುಂಬ ನಿಂತಿದೆ. ಅವರಿಗೆ ಹೇಳಿದ್ದ ರೇಟು 1.34. ನಮ್ಮ ಮನೆಯನ್ನು, ನಮ್ಮದೇ ಅಗ್ರಿಮೆಂಟ್ ಹಿಡಿದುಕೊಂಡು, ತನ್ನ ಸ್ವಂತದ್ದು ಅನ್ನುವ ಹಾಗೆ ಮಾರುತ್ತಿದ್ದ! ಗಿರಾಕಿ ಸಿಕ್ಕರೆ ನಾವು ನೇರವಾಗಿ ಅವರ ಹೆಸರಿಗೆ ಕ್ರಯ ಮಾಡಿಕೊಡುವುದು, ನಡುವಿನ 22 ಲಕ್ಷ ಅವನದು. ಅವನು ಹಾಕಿದ ಬಂಡವಾಳ 2 ಲಕ್ಷ. ಆಷಾಢ ನೋಡದ ಮನುಷ್ಯ ಶ್ರಾವಣ, ದಸರಾ, ದೀಪಾವಳಿ ಮಾತ್ರ ಸರಿಯಾಗಿ ನೋಡಿಕೊಂಡಿದ್ದ.

ತಮಾಷೆ ಏನು ಅಂದರೆ, ಅವನಿಗೂ ದಸರಾದಲ್ಲಿ ಗಿರಾಕಿ ಕುದುರಲಿಲ್ಲ. ನಾವು ಕನಸು ಕಂಡ ದಸರಾ ಹೇಗಿತ್ತು ಕೇಳಿ. ಸೆಪ್ಟೆಂಬರ್ 21ಕ್ಕೆ ಮಹಾಲಯ ಅಮಾವಾಸ್ಯೆ. ಅಲ್ಲಿಯವರೆಗೆ ಪಿತೃಪಕ್ಷ, ಯಾರೂ ಮಾತುಕತೆಗೇ ಕೂರುವುದಿಲ್ಲ. ಮಾರನೇ ದಿನ ದಸರಾ ಶುರು. ಆಮೇಲೆ ಬರುವವರ ಗಮನವೆಲ್ಲ ಲೈಟಿಂಗ್, ಅರಮನೆ, ಎಕ್ಸಿಬಿಷನ್ ಮೇಲೆ. ಮನೆ ನೋಡಲು ಬಂದವರೂ ಟ್ರಾಫಿಕ್ಕಿನಲ್ಲಿ ಸಿಕ್ಕಿ ಸುಸ್ತಾಗಿ ಬರುತ್ತಾರೆ. ಜೊತೆಗೆ ಮಳೆ. ನಮ್ಮೂರಿನಲ್ಲಿ ಜುಲೈಗಿಂತ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಏಪ್ರಿಲ್‌ನಲ್ಲಿ ಬೆಳ್ಳಗೆ ಒಣಗಿದ್ದ ಗೋಡೆಯಲ್ಲಿ ಆಗ ಒದ್ದೆ ಕಲೆ ಎದ್ದಿತ್ತು. ಬೆಂಗಳೂರಿನ ಆ ಕುಟುಂಬದ ಅಜ್ಜ ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿ ನೋಡಿ, ಏನೂ ಮಾತಾಡದೆ ಕಾರು ಹತ್ತಿದರು.

ನಾವು ಜಗಳಕ್ಕೆ ಹೋದಾಗ ಅವನು ನಗುತ್ತಲೇ, "ಅವಧಿ ಜನವರಿವರೆಗೂ ಇದೆಯಲ್ಲ ಅಕ್ಕಾ" ಅಂದ. ಅವಧಿ ಮುಗಿದರೆ ತಾನಾಗೇ ಬಿಟ್ಟುಹೋಗುತ್ತದೆ ಅಂದುಕೊಂಡಿದ್ದೆ. ವಕೀಲರು ತಲೆ ಆಡಿಸಿದರು. ನಿಗದಿಯಾದ ದಿನದಿಂದ 3 ವರ್ಷದೊಳಗೆ ಅವನು ಕ್ರಯ ಮಾಡಿಕೊಡಿ ಅಂತ ದಾವೆ ಹಾಕಬಹುದಂತೆ. ಗೆಲ್ಲುವುದು ಬಿಡುವುದು ಆಮೇಲಿನ ಮಾತು, ಕೇಸಿರುವ ಮನೆಯನ್ನು ಕೊಳ್ಳುವವರು ಯಾರು? ಕೊನೆಗೆ ಅವನ 2 ಲಕ್ಷದ ಜೊತೆಗೆ ಮೇಲೆ 4 ಲಕ್ಷ ಕೊಟ್ಟು ರದ್ದತಿ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಅದು ಡಿಸೆಂಬರ್ ಮಧ್ಯ. ಧನುರ್ಮಾಸ ಶುರು! ಸಂಕ್ರಾಂತಿವರೆಗೆ ಮತ್ತೆ ಬಾಗಿಲು ಕಾಯುವ ಕೆಲಸ.

ಫೆಬ್ರುವರಿಯಲ್ಲಿ 1 ಕೋಟಿ 20 ಲಕ್ಷಕ್ಕೆ ಹೋಯಿತು. ಕೊಂಡವರು ಕೊನೆಗಳಿಗೆಯಲ್ಲಿ ಇನ್ನೊಂದು ಲೆಕ್ಕ ತೆಗೆದು ರೇಟು ಎಳೆದಿದ್ದರು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. ಇದರಿಂದ ಅವರಿಗೆ ಹೆಚ್ಚಾದ ಒಂದು ಲಕ್ಷಕ್ಕೂ ಮೀರಿದ ಖರ್ಚನ್ನು ನಮ್ಮ ರೇಟಿನಲ್ಲೇ ಮುರಿದುಕೊಂಡರು. ಏಪ್ರಿಲ್‌ನ ಜೋಡಿಗೆ ಇದೂ ಉಳಿಯುತ್ತಿತ್ತು.

ಹಾಗಾಗಿ ನನ್ನನ್ನು ಕೇಳಿದರೆ, ಮೈಸೂರಿನಲ್ಲಿ ಮನೆ ಮಾರಲು ಯುಗಾದಿಯಿಂದ ಮೇವರೆಗಿನ ಸಮಯವೇ ಒಳ್ಳೆಯದು. ಮಕ್ಕಳ ಸ್ಕೂಲಿಗೆ ಅಂತ ಜಾಗ ಬದಲಿಸುವವರಿಗೆ ಆಗ ನಿಜವಾಗಿ ಮನೆ ಬೇಕಿರುತ್ತದೆ. ಆದರೆ 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬರುತ್ತದೆ. ಗೃಹಪ್ರವೇಶ ಮಾಡುವವರು ಅದನ್ನೂ ನೋಡುತ್ತಾರೆ. ಆಷಾಢ ಜುಲೈ ಮಧ್ಯಕ್ಕೆ ಜರುಗಿದೆ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಕೊಳ್ಳುವವರ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದೇ ಇರುತ್ತಾರೆ, ಅಲ್ವಾ?

ಇ-ಖಾತಾ, ಇಸಿ (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಪತ್ರ), ಕಂದಾಯದ ರಸೀದಿ ಕೈಯಲ್ಲಿಲ್ಲದೆ ಮನೆ ಮಾರಾಟಕ್ಕಿದೆ ಅಂತ ಬಾಯಿ ಬಿಡಬೇಡಿ. ಆಷಾಢದಲ್ಲಿ ಆ ಓಡಾಟ ಮುಗಿಸಿಕೊಳ್ಳಿ. ಆಗಲೂ ಅಡ್ವಾನ್ಸ್ ಹಿಡಿದು ಯಾರಾದರೂ ಬಂದರೆ ಕರಾರು ಎರಡು ಮೂರು ತಿಂಗಳು ದಾಟದಿರಲಿ. "ಸೂಚಿಸುವವರಿಗೆ" ಅನ್ನುವ ಮಾತು ಹೊಡೆದುಹಾಕಿಸಿ. ದುಡ್ಡು ಬರದಿದ್ದರೆ ಕರಾರು ಯಾವತ್ತು ರದ್ದಾಗುತ್ತದೆ, ಅಡ್ವಾನ್ಸ್ ಏನಾಗುತ್ತದೆ ಅನ್ನುವುದನ್ನು ವಕೀಲರಿಂದಲೇ ಬರೆಸಿ. ಕೀಲಿಯನ್ನಂತೂ ಕೊಡಲೇಬೇಡಿ.

ಏಪ್ರಿಲ್‌ನ ಆ ಜೋಡಿ ಈಗ ನಾವಿರುವ ಮನೆಯ ಹಿಂದಿನ ರಸ್ತೆಯಲ್ಲೇ ಮನೆ ಕೊಂಡಿದ್ದಾರೆ. ಮೊನ್ನೆ ಅಮ್ಮ ತರಕಾರಿ ಅಂಗಡಿಯಲ್ಲಿ ಅವರನ್ನು ನೋಡಿದರಂತೆ. ಮಗು ಯೂನಿಫಾರಂನಲ್ಲಿ ಅವರ ಕೈ ಹಿಡಿದು ನಿಂತಿತ್ತಂತೆ. ಮಾತಾಡಿಸಲು ಮುಖವಿಲ್ಲದೆ ಅಮ್ಮ ಸೊಪ್ಪು ಕೊಳ್ಳದೇ ವಾಪಸ್ ಬಂದರು.