ಮಳೆಗಾಲ ದಾಟಿದ ಎಫ್‌ಎಫ್‌ಎಂಪೆಗ್: ನೆಟ್ ರೇಡಿಯೋ ರೆಕಾರ್ಡಿಂಗ್ ಬಗ್ಗೆ ಒಂದು ವಿಮರ್ಶೆ

ತೀರ್ಥಹಳ್ಳಿ ಕಡೆ ರೇಡಿಯೋ ಕೇಳುವವರ ಪಾಡು ಗೊತ್ತಿರುವುದೇ. ಎಫ್‌ಎಂ ಗುಡ್ಡದ ಆಚೆಗೇ ನಿಂತುಬಿಡುತ್ತದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮೀಡಿಯಂ ವೇವ್ ಮನೆವರೆಗೆ ಬರುತ್ತದೆ ನಿಜ. ಆದರೆ ಮಿಂಚಿಗೊಂದು ಚಟ್, ಪಂಪ್‌ಸೆಟ್ ಸ್ಟಾರ್ಟರಿಗೊಂದು ಚಟ್. ಗಲಾಟೆ ಇಲ್ಲದ ದಿನವೂ ತಂಬೂರಿಯ ಜೀವಾಳ ಅದರಲ್ಲಿ ಕೇಳಿಸುವುದಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ರೇಡಿಯೋ ಅಂದರೆ ಈಗ ಕಂಪ್ಯೂಟರೇ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್‌ನಲ್ಲಿ ಭದ್ರಾವತಿಯೂ ಸಿಗುತ್ತದೆ, 2016ರ ಜನವರಿ 26ರಂದು ಶುರುವಾದ ಶಾಸ್ತ್ರೀಯ ಸಂಗೀತದ ರಾಗಂ ಕೂಡ ಸಿಗುತ್ತದೆ. ನನಗೆ ಕಛೇರಿ ಬೇಕು. ಸೋದರತ್ತೆಗೆ ಗಮಕ, ಅಂದರೆ ರಾಗವಾಗಿ ಓದುವ ಕಾವ್ಯ, ಬೇಕು. ಅವರ ತವರು ಹೊಸಹಳ್ಳಿ ಕಡೆ. ತುಂಗೆಯ ಒಂದು ದಡದ ಮತ್ತೂರಿಗೆ ಸಂಸ್ಕೃತದ ಹೆಸರು, ಇನ್ನೊಂದು ದಡದ ಹೊಸಹಳ್ಳಿಗೆ ಗಮಕದ ಹೆಸರು, ಅಲ್ವಾ? ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗಿನಿಂದ ಅತ್ತೆಯ ಬೇಡಿಕೆ ಇನ್ನೂ ಜಾಸ್ತಿಯಾಗಿದೆ.

ಇವನ್ನು ರೆಕಾರ್ಡ್ ಮಾಡಲು ಮೊದಲು ಬಳಸಿದ್ದು ಆಡಾಸಿಟಿ ಎಂಬ ತಂತ್ರಾಂಶ. ವಿಂಡೋಸ್‌ನಲ್ಲಿ ವಸಾಪಿ ಎಂಬ ಆಯ್ಕೆ ಹಿಡಿದು, ಸ್ಪೀಕರಿನ ಲೂಪ್‌ಬ್ಯಾಕ್ ಆರಿಸಿಕೊಂಡರೆ ಸ್ಪೀಕರಿಗೆ ಹೋಗುವ ಶಬ್ದವೇ ನೇರ ರೆಕಾರ್ಡ್ ಆಗುತ್ತದೆ. ಮೈಕ್ ಬೇಡ, ವೈರ್ ಬೇಡ. ಯಾವ ವೆಬ್‌ಸೈಟಿನ ರೇಡಿಯೋ ಆದರೂ ಸರಿ. ತೊಂದರೆ ಏನೆಂದರೆ ಕಂಪ್ಯೂಟರ್ ಮಾಡುವ ಸದ್ದೆಲ್ಲಾ ಅದರೊಳಗೆ ಬೀಳುತ್ತದೆ. ಕುಮಾರವ್ಯಾಸನ ಪದ್ಯದ ನಡುವೆ ವಾಟ್ಸಾಪ್ ಸದ್ದು ಕೇಳಿ ಅತ್ತೆ ಕೇಳಿದ್ದು: "ಅದೆಂತದೋ ಟಿಂಗ್ ಅಂತು? ತಾಳವನಾ?" ಇನ್ನೊಂದು ವಿಚಿತ್ರ ಇದೆ. ಏನೂ ನುಡಿಯದೇ ಇದ್ದರೆ ಲೂಪ್‌ಬ್ಯಾಕ್ ರೆಕಾರ್ಡಿಂಗೂ ಮುಂದೆ ಹೋಗುವುದಿಲ್ಲ. ನೆಟ್ ಹೋಗಿ ಬಂದರೆ ನಡುವಿನ ಖಾಲಿ ಜಾಗ ಮಾಯ. ಎಲ್ಲಿ ತುಂಡಾಯಿತು ಅಂತ ಆಮೇಲೆ ಹುಡುಕುವುದು ಕಷ್ಟ.

ಅದಕ್ಕಿಂತ ದೊಡ್ಡ ದೂರು ಧ್ವನಿಯದ್ದು. ನಿಲಯದವರು ಹಾಡನ್ನು ಎಎಸಿ ಅಥವಾ ಎಂಪಿ3 ಎಂಬ ಕುಗ್ಗಿಸಿದ ರೂಪಕ್ಕೆ ತಂದು ಕಳಿಸುತ್ತಾರೆ. ಕಳಿಸುವಾಗಲೇ ಒಂದಷ್ಟು ವಿವರ ಕತ್ತರಿಸಿರುತ್ತಾರೆ. ಆಡಾಸಿಟಿ ಅದನ್ನು ಬಿಚ್ಚಿ, ಹಿಡಿದು, ನಾವು ಮತ್ತೆ ಎಂಪಿ3 ಮಾಡಿದರೆ ಎರಡನೇ ಸಲ ಕತ್ತರಿ. ಎರಡನೆಯದು ಗಾಯನದಲ್ಲಿ ಅಷ್ಟು ಗೊತ್ತಾಗದಿರಬಹುದು. ತಂಬೂರಿ, ಮೃದಂಗದ ಛಾಪು, ತಾಳದ ಕೊನೆಯ ನಾದದಲ್ಲಿ ಗೊತ್ತಾಗುತ್ತದೆ. ನೀರು ಕಲಕಿದ ಹಾಗೆ ಒಂದು ಸದ್ದು. ಕುಗ್ಗಿಸದ ವೇವ್ ಫೈಲ್ ಆಗಿ ಇಟ್ಟರೆ ಈ ಸಮಸ್ಯೆ ಇಲ್ಲ. ಆದರೆ ಸಿಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 635 ಎಂಬಿ ಬೇಕು. ಸೆಕೆಂಡಿಗೆ 128 ಕಿಲೋಬಿಟ್‌ನ ಪ್ರಸಾರಕ್ಕೆ ಬೇಕಾಗಿದ್ದು ಗಂಟೆಗೆ 58 ಎಂಬಿ ಮಾತ್ರ. ಉಳಿದದ್ದೆಲ್ಲಾ ಸುಮ್ನೆ ಭಾರ. 64 ಕಿಲೋಬಿಟ್‌ನಲ್ಲಿ ಬಂದದ್ದನ್ನು 320ಕ್ಕೆ ಸೇವ್ ಮಾಡಿ "ಹೈ ಕ್ವಾಲಿಟಿ" ಅಂತ ಹಂಚುವವರಿದ್ದಾರೆ. ಧ್ವನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ಎಂಬ ಚಿಕ್ಕ ತಂತ್ರಾಂಶದಲ್ಲಿ ಅಂಥ ಫೈಲ್ ಹಾಕಿ ನೋಡಿ. ಮೇಲಿನ ಸ್ವರಗಳ ಜಾಗ ಹೆಚ್ಚಾಗಿ ಬರೀ ಕಪ್ಪು.

ಎಫ್‌ಎಫ್‌ಎಂಪೆಗ್ ಎಂಬ, ಆದೇಶ ಟೈಪ್ ಮಾಡಿ ನಡೆಸುವ ತಂತ್ರಾಂಶ ಇಲ್ಲೇ ಗೆದ್ದಿತು. ಅದಕ್ಕೆ ಪ್ರಸಾರದ ನೇರ ವಿಳಾಸ ಕೊಟ್ಟು, "ಕಾಪಿ" ಅಂತ ಹೇಳಿದರೆ ಸಾಕು. ಬಂದ ಡೇಟಾವನ್ನು ಬಿಚ್ಚುವುದಿಲ್ಲ, ಮತ್ತೆ ಕಟ್ಟುವುದಿಲ್ಲ, ಹಾಗೇ ಡಿಸ್ಕಿಗೆ ಬರೆಯುತ್ತದೆ. ನಿಲಯ ಕಳಿಸಿದ್ದಕ್ಕಿಂತ ಒಂದು ಚೂರೂ ಕಡಿಮೆ ಇಲ್ಲ. ಸ್ಪೀಕರ್ ಮ್ಯೂಟ್ ಮಾಡಿ ಮಲಗಬಹುದು. ಹಳೇ ಲ್ಯಾಪ್‌ಟಾಪಿಗೂ ಇದೊಂದು ಕೆಲಸವೇ ಅಲ್ಲ. ಪುಕ್ಕಟೆ ಬೇರೆ.

ಆದರೆ ಮಲೆನಾಡಿನವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಫೈಲನ್ನು ಎಂ4ಎ ಎಂಬ ಮಾದರಿಯಲ್ಲಿ ಬರೆಸಬೇಡಿ. ಯಾವ ತುಣುಕು ಎಲ್ಲಿದೆ ಎಂಬ ಎಂ4ಎ ಫೈಲಿನ ಒಳಗಿನ ಪಟ್ಟಿಯನ್ನು ಎಫ್‌ಎಫ್‌ಎಂಪೆಗ್ ಬರೆಯುವುದು ಎಲ್ಲಾ ಮುಗಿದ ಮೇಲೆ. ನಡುವೆ ಕರೆಂಟ್ ಹೋಯಿತೋ, ಎರಡು ಗಂಟೆಯ ಕಛೇರಿ ಇದ್ದೂ ಇಲ್ಲದಂತೆ. ಯಾವ ಪ್ಲೇಯರೂ ತೆರೆಯುವುದಿಲ್ಲ. ಬರೀ ಎಎಸಿ ಅಥವಾ ಎಂಪಿ3 ಆಗಿ ಬರೆಸಿದರೆ ಪ್ರತಿ ತುಣುಕಿಗೂ ಅದರದ್ದೇ ತಲೆಬರಹ ಇರುತ್ತದೆ. ಕರೆಂಟ್ ಹೋಗುವ ತನಕದ್ದು ಉಳಿದೇ ಉಳಿಯುತ್ತದೆ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋಗುವ ಊರಲ್ಲಿ ಈ ಒಂದು ಆಯ್ಕೆ ಬೇರೆಲ್ಲಾ ಸೆಟ್ಟಿಂಗಿಗಿಂತ ದೊಡ್ಡದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗಿಲ್ಲ. ಅದಕ್ಕೊಂದು ಚಿಕ್ಕ ಯುಪಿಎಸ್ ಹಾಕಿಸಿ. ಗುಡುಗು ಶುರುವಾದರೆ ಮಾತ್ರ ಕಛೇರಿ ಯಾರದ್ದೇ ಇರಲಿ, ಪ್ಲಗ್ ಕಿತ್ತಿಡಿ.

ನೆಟ್ ಕಡಿತಕ್ಕೆ ಎಫ್‌ಎಫ್‌ಎಂಪೆಗ್‌ನಲ್ಲಿ ಮರುಸಂಪರ್ಕದ ಆಯ್ಕೆ ಇದೆ. ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಕೆಲವೊಮ್ಮೆ ಸಂಪರ್ಕ ಕಡಿದದ್ದು ಅದಕ್ಕೆ ಗೊತ್ತೇ ಆಗದೆ ಕಾಯುತ್ತಾ ಕೂರುತ್ತದೆ. ಇಷ್ಟು ಹೊತ್ತು ಡೇಟಾ ಬಾರದಿದ್ದರೆ ನಿಲ್ಲು ಎಂಬ ಟೈಮ್‌ಔಟ್ ಒಂದನ್ನು ಕೊಟ್ಟು, ನಿಂತರೆ ಹೊಸ ಫೈಲಿನಲ್ಲಿ ಮತ್ತೆ ಶುರು ಮಾಡುವ ಪುಟ್ಟ ಬ್ಯಾಚ್ ಫೈಲ್ (ಆದೇಶಗಳ ಪಟ್ಟಿ) ಬರೆದುಕೊಂಡೆ. ಹೆಸರಲ್ಲಿ ದಿನ, ಸಮಯ ತಾನೇ ಸೇರುತ್ತದೆ. ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್. ನೆಟ್ ರೇಡಿಯೋ ಗಾಳಿಯಲ್ಲಿ ಬರುವುದಕ್ಕಿಂತ ಅರ್ಧ ನಿಮಿಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಹಿಂದೆ ಇರುತ್ತದೆ. ಮುಗಿಯುವ ಸಮಯಕ್ಕೆ ಎರಡು ನಿಮಿಷ ಸೇರಿಸದಿದ್ದರೆ ಮಂಗಳ ಹೋಯಿತು ಅಂತಲೇ. ಹಿಂದಿನ ವಾರ್ತೆ, ಮುಂದಿನ ಜಾಹೀರಾತು ತೆಗೆಯಲು ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ಇದೆ. ಅದೂ ಮರುಕಟ್ಟದೇ ಕತ್ತರಿಸುತ್ತದೆ.

ಕಾನೂನಿನ ಮಾತು ಕೇಳುವವರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಸ್ವಂತ ಬಳಕೆಗೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತದೆ. ಯೂಟ್ಯೂಬಿಗೆ ಹಾಕುವುದು ಸ್ವಂತ ಬಳಕೆ ಅಲ್ಲ.

ಎಫ್‌ಎಫ್‌ಎಂಪೆಗ್‌ನಲ್ಲಿ ನನಗೆ ಇಂದಿಗೂ ಸಿಟ್ಟು ತರಿಸುವುದು ಎರಡು. ಒಂದು, ಗುಂಡಿ ಒತ್ತುವ ಕಿಟಕಿಯೇ ಇಲ್ಲ. ಕಪ್ಪು ಪರದೆಯಲ್ಲಿ ಉದ್ದ ಸಾಲು ಟೈಪ್ ಮಾಡಬೇಕು, ಒಂದು ಗೆರೆ ತಪ್ಪಿದರೆ ಇಂಗ್ಲಿಷಿನಲ್ಲಿ ಬೈಗುಳ. ಎರಡು, ಪ್ರಸಾರದ ವಿಳಾಸ ಹೇಳದೇ ಕೇಳದೇ ಬದಲಾಗುತ್ತದೆ. ಆಗ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಪಟ್ಟಿಯಲ್ಲಿ ಎಂ3ಯು8 ಎಂದು ಮುಗಿಯುವ ಹೊಸ ವಿಳಾಸ ಹುಡುಕಬೇಕು. ಇಷ್ಟೆಲ್ಲಾ ಯಾರಿಗೆ ಬೇಕು ಅನ್ನುವವರು ವಿಎಲ್‌ಸಿ ಪ್ಲೇಯರಿನಲ್ಲಿ ಅದೇ ವಿಳಾಸ ತೆರೆದು ಕೆಂಪು ಗುಂಡಿ ಒತ್ತಿ. ಅದೂ ಬಂದದ್ದನ್ನು ಬಂದ ಹಾಗೇ ಹಿಡಿಯುತ್ತದೆ. ನೆಟ್ ಕೈಕೊಟ್ಟರೆ ಎದ್ದು ಮತ್ತೆ ಒತ್ತಬೇಕು, ಅಷ್ಟೇ. ಅತ್ತೆ ಈಗ ಅದನ್ನು ಕಲಿತಿದ್ದಾರೆ.