ಬೆಳಗಿನ ಚಳಿಗೆ ನಡುಗುವ ಹಳೇ ಕಾರು: ಯಾವ ರಿಪೇರಿಯಿಂದ ಏನಾಯಿತು

ಬಿಸಿಯಾದ ಮೇಲೂ ಮಿಸ್ಸಿಂಗ್ ಹೊಡೆಯುವ ಕಾರು ಬೇರೆ, ಬೆಳಗ್ಗೆ ಮಾತ್ರ ನಡುಗಿ ಆಮೇಲೆ ಸುಮ್ಮನಾಗುವ ಕಾರು ಬೇರೆ. ನನ್ನದು ಎರಡನೆಯ ಜಾತಿ. 2004ರ ಪೆಟ್ರೋಲ್ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಎಂಜಿನ್), ಇರುವುದು ಮಡಿಕೇರಿಯಲ್ಲಿ. ಡಿಸೆಂಬರಿನ ಬೆಳಗ್ಗೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಏನೋ ಆಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಆರ್‌ಪಿಎಂ 600ರ ಕೆಳಗಿಳಿದು, ಸ್ಟೀರಿಂಗ್ ಗಡಗಡ ಅಲುಗಾಡಿ ಆಫ್. ಇದಕ್ಕೆ ಒಬ್ಬೊಬ್ಬರದು ಒಂದೊಂದು ಮದ್ದು. ಯಾವುದರಿಂದ ಏನಾಯಿತೆಂದು ತಿಳಿಯಲಿ ಅಂತ ಒಂದೊಂದನ್ನೇ ಬಿಡಿಬಿಡಿಯಾಗಿ ಮಾಡಿ ನೋಡಿದೆ.

ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಾಟಲಿ ಎಲ್ಲಕ್ಕಿಂತ ಸುಲಭ, ನನ್ನ ಪಾಲಿಗೆ ಎಲ್ಲಕ್ಕಿಂತ ದಂಡ. ಹೊಸ ಪ್ಲಗ್ ಹಾಕಿದಾಗ ಸ್ಟಾರ್ಟಿಂಗ್ ಚುರುಕಾಯಿತು, ನಡುಕ ಹಾಗೇ ಉಳಿಯಿತು. ಇಂಜೆಕ್ಟರ್ ಬಿಚ್ಚಿಸಿ ಮಷಿನ್‌ಗೆ ಹಾಕಿಸು ಎಂದವರ ಮಾತು ಮಾತ್ರ ಕೇಳಲಿಲ್ಲ. ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ಬಿಸಿಯಲ್ಲೂ ಅಷ್ಟಿಷ್ಟು ಕಾಟ ಕೊಡಬೇಕಿತ್ತಲ್ಲ?

ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಕ್ಲೀನಿಂಗ್ ಕೊಟ್ಟ ಕಾಸಿಗೆ ಮೋಸವಿಲ್ಲದ ಕೆಲಸ. ಒಂದು ಸ್ಪ್ರೇ ಡಬ್ಬಿ, ಹಳೇ ಬಟ್ಟೆ, ಸ್ಕ್ರೂಡ್ರೈವರ್ ಇದ್ದರೆ ಮನೆಯಲ್ಲೇ ಆಗುತ್ತದೆ. ಪಕ್ಕದಲ್ಲಿರುವ ಐಡಲ್ ಏರ್ ವಾಲ್ವನ್ನೂ ಬಿಚ್ಚಿ ತೊಳೆಯಬೇಕು. ತಣ್ಣಗಿರುವಾಗ ಹೆಚ್ಚುವರಿ ಗಾಳಿ ಬಿಟ್ಟು ಆರ್‌ಪಿಎಂ ಮೇಲೆತ್ತುವುದು ಅದೇ. ನನ್ನದರಲ್ಲಿ ಅದು ಕಾರ್ಬನ್ ಕಟ್ಟಿ ಅರ್ಧ ಸಿಕ್ಕಿಕೊಂಡಿತ್ತು. ತೊಳೆದ ಮೇಲೆ ಆಫ್ ಆಗುವುದು ನಿಂತಿತು. ನಡುಕ ಅರ್ಧ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇದೇ ಕೆಲಸಕ್ಕೆ ಗ್ಯಾರೇಜಿನ ಅಡ್ಡದಾರಿ ಒಂದಿದೆ: ಥ್ರಾಟಲಿನ ಸ್ಕ್ರೂ ತಿರುವಿ ಐಡ್ಲಿಂಗ್ ಏರಿಸುವುದು. ಬೆಳಗ್ಗೆ ಹಾಯೆನಿಸಿತು. ಮಧ್ಯಾಹ್ನ ಪೇಟೆಯಲ್ಲಿ ಎಂಜಿನ್ 1200ರಲ್ಲಿ ಕಿರುಚುತ್ತ ನಿಂತಾಗ ಪೆಟ್ರೋಲ್ ಯಾರಪ್ಪನದು ಅನಿಸಿತು. ಸಂಜೆಯೇ ಸ್ಕ್ರೂ ವಾಪಸ್ ತಿರುವಿಸಿದೆ.

ನಿಜವಾದ ಕಳ್ಳ ಇದ್ದದ್ದು ಎಂಜಿನ್ ಒಳಗಿನ ಹೊಗೆಯನ್ನು ಗಾಳಿಯ ದಾರಿಗೆ ವಾಪಸ್ ಸೇರಿಸುವ ಪಿಸಿವಿ ಹೋಸ್‌ನಲ್ಲಿ. ಮೇಲಿಂದ ನೋಡಿದರೆ ಚೆನ್ನಾಗೇ ಇತ್ತು. ತಣ್ಣನೆ ಎಂಜಿನ್ ನಡುಗುತ್ತಿರುವಾಗ ಒಂದೊಂದೇ ಹೋಸ್ ಅನ್ನು ಕಟಿಂಗ್ ಪ್ಲೇಯರಿನಲ್ಲಿ ಮೆಲ್ಲಗೆ ಅದುಮುತ್ತ ಹೋದೆ. ಇದನ್ನು ಅದುಮಿದಾಗ ಎಂಜಿನ್ ಸದ್ದೇ ಬದಲಾಯಿತು. ಬಿಚ್ಚಿದರೆ ಬಾಗಿನ ಕೆಳಗಡೆ ಉದ್ದುದ್ದ ಸೀಳು. ಈ ಕಾರಿನಲ್ಲಿ ಒಳಗೆ ಹೋಗುವ ಗಾಳಿಯನ್ನು ಅಳೆಯುವುದು ಎಂಎಎಫ್ ಸೆನ್ಸರ್. ಸೀಳಿನಿಂದ ನುಗ್ಗುವ ಗಾಳಿ ಅದರ ಕಣ್ಣು ತಪ್ಪಿಸುತ್ತದೆ, ಪೆಟ್ರೋಲ್ ಸಾಲದೆ ಎಂಜಿನ್ ತಡವರಿಸುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಕಾದ ಮೇಲೆ ಇಸಿಎಂಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಸುಳಿವು ಸಿಕ್ಕಿ, ಪೆಟ್ರೋಲ್ ಹೆಚ್ಚಿಸಿ ತಪ್ಪನ್ನು ಮುಚ್ಚಿಹಾಕುತ್ತದೆ. ರಬ್ಬರ್ ಕೂಡ ಶಾಖಕ್ಕೆ ಮೆತ್ತಗಾಗಿ ಸೀಳು ಕಿರಿದಾಗುತ್ತದೆ. ಗ್ಯಾರೇಜಿಗೆ ಹೋಗಿ ಮುಟ್ಟುವಷ್ಟರಲ್ಲಿ ಕಾರು ಸಾಧು ಆಗಿರುತ್ತಿದ್ದದ್ದು ಇದಕ್ಕೇ. ಗಾಳಿಯ ಪ್ರಮಾಣದ ಬದಲು ಒಳಗಿನ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುವ ಕಾರುಗಳಲ್ಲಿ ಇಂಥ ಲೀಕ್ ಆದರೆ ಸಾಮಾನ್ಯವಾಗಿ ಐಡ್ಲಿಂಗ್ ಇಳಿಯುವ ಬದಲು ಏರುತ್ತದೆ, ಆ ಗೊಂದಲ ಬೇಡ. ಬಾಟಲಿಗೆ ಕೊಟ್ಟ ದುಡ್ಡಿಗಿಂತ ಕಡಿಮೆಗೆ ಹೊಸ ಹೋಸ್ ಬಂತು, ನಡುಕ ಹೋಯಿತು.

ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ವಿಷಯ ಯಾರೂ ಹೇಳಿರಲಿಲ್ಲ. ಸಂಪಾಜೆ ಘಾಟಿ ಇಳಿಯುವಾಗ ಟೆಂಪರೇಚರ್ ಮುಳ್ಳು ತಳಕ್ಕೆ ಬೀಳುತ್ತಿತ್ತು. ಹೌಸಿಂಗ್ ಬಿಚ್ಚಿದರೆ ಒಳಗೆ ವಾಲ್ವೇ ಇಲ್ಲ! ಓವರ್‌ಹೀಟ್ ಆಗದಿರಲಿ ಅಂತ ಹಿಂದೆ ಯಾರೋ ಕಿತ್ತು ಹಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇದು ಅಪರೂಪವಲ್ಲ. ವಾಲ್ವ್ ಇಲ್ಲದಿದ್ದರೆ ಕೂಲಂಟ್ ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಓಡಿ ತಣ್ಣಗಾಗುತ್ತದೆ. ಎಂಜಿನ್ ಇನ್ನೂ ಕಾದಿಲ್ಲವೆಂದು ಇಸಿಎಂ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. 82 ಡಿಗ್ರಿಗೆ ತೆರೆಯುವ ವಾಲ್ವ್ ಹಾಕಿಸಿದ ಮೇಲೆ ಎಂಜಿನ್ ಬೇಗ ಕಾಯುತ್ತದೆ, ಮೈಲೇಜೂ ತುಸು ಏರಿದೆ.

ಎಂಜಿನ್ ಎಷ್ಟು ಕಾದಿದೆಯೆಂದು ಇಸಿಎಂಗೆ ತಿಳಿಸುವ ಕೂಲಂಟ್ ಟೆಂಪರೇಚರ್ ಸೆನ್ಸರ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಇಂಥ ಬಹಳಷ್ಟು ಸೆನ್ಸರುಗಳು 20 ಡಿಗ್ರಿಯಲ್ಲಿ 2 ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ತೋರಿಸಬೇಕು. ನನ್ನದು ತೋರಿಸಿತು, ಹಾಗಾಗಿ ಅಂಗಡಿಗೆ ಹೋಗಲಿಲ್ಲ. ಬೆಳಗ್ಗೆ ಕಪ್ಪು ಹೊಗೆ, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ ಇದ್ದವರು ಮಾತ್ರ ಹೋಸ್‌ಗಿಂತ ಮೊದಲು ಇದನ್ನೇ ಅಳೆಯುವುದು ಒಳ್ಳೆಯದು.